ಊರವರಿಗೆ ಕಾಣದ ಹಾಗೆ

"ಒಂದ್ ಒಳ್ಳೆ ಆಶ್ರಮ ಇದ್ರೆ ಹೇಳಿ ಮರ್ರೆ. ಆರೆ ನಮ್ಮೂರ್ ಹತ್ರ ಬ್ಯಾಡ."

ಸಾಸ್ತಾನದ ಆಚೀಚೆ, ಗುಂಡ್ಮಿ, ಐರೋಡಿ, ಪಾಂಡೇಶ್ವರ, ಹಂಗಾರಕಟ್ಟೆ ಕಡೆಯ ಮನೆಗಳಲ್ಲಿ ಈ ಮಾತು ಈಗ ಅಪರೂಪದ್ದಲ್ಲ. ಮದುವೆ ಊಟದ ಪಂಕ್ತಿ ಎದ್ದ ಮೇಲೆ, ಕೈ ತೊಳೆಯುವಲ್ಲಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಕೇಳುವವರು ಕೆಟ್ಟ ಮಕ್ಕಳೇನಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು, ತಾಯಿಯ ರಕ್ತ ಪರೀಕ್ಷೆ ಮಾಡಿಸಿ, ತಿಂಗಳಿಗಾಗುವಷ್ಟು ಮಾತ್ರೆ ಡಬ್ಬಿಗೆ ತುಂಬಿಸಿಟ್ಟು, ಭಾನುವಾರ ರಾತ್ರಿಯ ಬಸ್ಸಿಗೆ ವಾಪಸು ಹೋಗುವವರು. ತಾಯಿ ಸುಖವಾಗಿರಬೇಕು ಎಂದು ಅವರಿಗೆ ನಿಜವಾಗಿಯೂ ಇದೆ. ಪಂಕ್ತಿಯಲ್ಲಿ ಪಕ್ಕ ಕೂತವರಿಗೆ ಮಾತ್ರ ಸುದ್ದಿ ಗೊತ್ತಾಗಬಾರದು.

ಹಾಗಾಗಿ ತಾಯಿ ಹೋಗುವುದು ದೂರದ ಊರಿಗೆ. ಬ್ರಹ್ಮಾವರದ ಸುತ್ತಲೋ ಕುಂದಾಪುರದ ಕಡೆಯೋ ಜಾಗ ಸಿಗುತ್ತಿದ್ದರೂ ಅದನ್ನು ಬಿಟ್ಟು ಮೈಸೂರಿನ ಆಚೆ, ಇಲ್ಲವೇ ಬೆಂಗಳೂರಿನ ಹೊರವಲಯದ ಯಾವುದೋ ಬಡಾವಣೆಗೆ. ಅಲ್ಲಾದರೆ ಊರಲ್ಲಿ ಹೇಳಿಕೊಳ್ಳುವುದು ಸುಲಭ: "ಅಬ್ಬಿ ಈಗ ಬೆಂಗ್ಳೂರಗೆ ಮಗನ್ ಒಟ್ಟಿಗ್ ಇದ್ರ್." ಮಗನ ಮನೆಯಿಂದ ಆ ಜಾಗಕ್ಕೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ದಾರಿ ಎಂಬುದನ್ನು ಯಾರೂ ಕೇಳುವುದಿಲ್ಲ.

ವೃದ್ಧಾಶ್ರಮ ಬೇಕೇ ಬೇಡವೇ ಎಂಬುದು ನಮ್ಮ ಶಾಲೆಗಳ ಚರ್ಚಾಸ್ಪರ್ಧೆಯ ಹಳೆಯ ವಿಷಯ. ಬೇಡ ಎಂದವರಿಗೇ ಬಹುಮಾನ. ತೀರ್ಪುಗಾರರಾಗಿ ಕೂತ ನಿವೃತ್ತ ಮಾಸ್ತರರ ಮಗ ಅಮೆರಿಕದಲ್ಲಿರುತ್ತಾನೆ ಎಂಬುದು ಬೇರೆ ಮಾತು. ಆ ಚರ್ಚೆಯಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ನನ್ನನ್ನು ಕಾಡುವುದು ಆ ಷರತ್ತು, ನಮ್ಮೂರ ಹತ್ತಿರ ಬೇಡ ಎಂಬುದು. ವಯಸ್ಸಾದವರಿಗೆ ಇರಲು ಜಾಗ ಹುಡುಕುವ ಕೆಲಸದಲ್ಲಿ ನಡೆಯುವ ಅನ್ಯಾಯ ಬಹುಪಾಲು ಹುಟ್ಟುವುದು ಮಕ್ಕಳ ಕ್ರೌರ್ಯದಿಂದಲ್ಲ, ಅವರ ನಾಚಿಕೆಯಿಂದ ಎಂದು ನನಗೆ ಅನ್ನಿಸಿದೆ.

ಎಂಬತ್ತು ದಾಟಿದ ಹೆಂಗಸಿಗೆ ಊರು ಎಂದರೆ ಏನೇನು ಎಂದು ಒಮ್ಮೆ ಪಟ್ಟಿ ಹಾಕಿ ನೋಡಬೇಕು. ಬೆಳಿಗ್ಗೆ ಮೀನಿನವಳ ಕೂಗು. ಹಾಲು ಕೊಡಲು ಡೈರಿಗೆ ಹೋಗುವವರು ದಣಪೆ ಹತ್ತಿರ ನಿಂತು ಕೇಳುವ "ಗಂಜಿ ಉಂಡ್ರಿಯಾ?". ಸಂತ ಅಂತೋನಿ ಇಗರ್ಜಿಯ ಗಂಟೆ. ಸಾಲಿಗ್ರಾಮದ ಗುರುನರಸಿಂಹನ ತೇರಿಗೆ ಬಂದ ನೆಂಟರು. ದೂರದ ಗದ್ದೆಯಿಂದ ರಾತ್ರಿ ಕೇಳುವ ಬಡಗುತಿಟ್ಟಿನ ಚಂಡೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಬಾವಿಯ ನೀರು ಉಪ್ಪಾಯಿತು ಎಂಬ ವರ್ತಮಾನ. ಇದೆಲ್ಲ ಮನೆಯ ಗೋಡೆಯೊಳಗೆ ಇರುವುದಲ್ಲ. ಮನೆ ಬಿಟ್ಟರೂ ಊರಲ್ಲೇ ಉಳಿದರೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದೀತು. ಭಾಷೆಯನ್ನೇ ತೆಗೆದುಕೊಳ್ಳಿ. ಮಾಬುಕಳದ ಸೇತುವೆ ದಾಟಿ ತೆಂಕಕ್ಕೆ ಹೋದ ಹಾಗೆ ತುಳು ಹೆಚ್ಚುತ್ತದೆ. ಘಟ್ಟ ಹತ್ತಿದರೆ ನಮ್ಮ ಕುಂದಗನ್ನಡ ಅರ್ಧ ಜನಕ್ಕೆ ತಿಳಿಯುವುದಿಲ್ಲ. "ನಂಗ್ ಹೊಟ್ಟಿ ಕಳ್ಕಳ್ ಅಂತಿತ್ತ್" ಎಂದು ನೋವು ಹೇಳಿಕೊಂಡರೆ ಅಲ್ಲಿಯ ಆಯಾ ನಕ್ಕು ಮುಂದೆ ಹೋಗುತ್ತಾಳೆ. ಕೊನೆಗಾಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಮಾಷೆಯಾಗುವುದು ಸಣ್ಣ ಶಿಕ್ಷೆಯಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಊರ ಹತ್ತಿರದ ಆಶ್ರಮಕ್ಕೆ ಪೇಟೆಗೆ ಹೋದವರು ಹಾಗೇ ಹೊಕ್ಕು ಬರುತ್ತಾರೆ. ಹತ್ತಿರದ ಸೊಸೈಟಿಗೆ ಬಂದ ತಂಗಿಯ ಮಗ, ಆಟೋದ ಹುಡುಗ, ಹಳೆಯ ನೆರೆಮನೆಯವಳು. ಹೇಳದೆ ಕೇಳದೆ ಬರುತ್ತಾರೆ, ಹೊತ್ತಲ್ಲದ ಹೊತ್ತಿಗೆ ಬರುತ್ತಾರೆ. ಹಾಸಿಗೆ ಒದ್ದೆಯಾಗಿದ್ದರೆ ಕಾಣುತ್ತದೆ, ಕೈಯಲ್ಲಿ ನೀಲಿಗಟ್ಟಿದ್ದರೆ ಕಾಣುತ್ತದೆ, ಮುಖ ಬಾಡಿದ್ದರೆ ಕಾರಣ ಕೇಳುತ್ತಾರೆ. ಯಾವ ಇಲಾಖೆಯ ತಪಾಸಣೆಯೂ ಇದರ ಹತ್ತಿರ ಬರುವುದಿಲ್ಲ. ದೂರದ ಊರಿಗೆ ಹೋಗುವವನು ಮಗ ಒಬ್ಬನೇ, ಅದೂ ಫೋನು ಮಾಡಿ ಹೋಗುವುದು. ಆ ದಿನ ಅಮ್ಮನಿಗೆ ತಲೆ ಬಾಚಿ, ಪೌಡರ್ ಹಚ್ಚಿ ಕೂರಿಸಿರುತ್ತಾರೆ. ಊರವರ ಕಣ್ಣಿಗೆ ಹೆದರಿ ನಾವು ಅಮ್ಮನ ಕಾವಲಿಗಿದ್ದ ಕಣ್ಣುಗಳನ್ನೇ ತಪ್ಪಿಸಿಬಿಟ್ಟೆವು.

ಇದೇ ಊರವರು ಆಶ್ರಮಕ್ಕೆ ಹೋಗುವುದೇ ಇಲ್ಲ ಎಂದಲ್ಲ. ಮಗುವಿನ ಹುಟ್ಟುಹಬ್ಬಕ್ಕೆ, ತಂದೆಯ ವರ್ಷಾಂತಿಕಕ್ಕೆ ಒಂದು ಹೊತ್ತಿನ ಊಟದ ಖರ್ಚು ಕೊಟ್ಟು, ಸಾಲಾಗಿ ಕೂತ ಅಜ್ಜಿಯರ ಎಲೆಗೆ ಪಾಯಸ ಬಡಿಸುವ ಫೋಟೋ ತೆಗೆಸಿ ಸ್ಟೇಟಸ್ಸಿಗೆ ಹಾಕುತ್ತಾರೆ. ಬೇರೆಯವರ ತಾಯಿಯ ಜೊತೆ ಅಲ್ಲಿ ಫೋಟೋ ತೆಗೆಸಿಕೊಳ್ಳಲು ಸಂಕೋಚವಿಲ್ಲ. ಎಲೆಯ ಮುಂದೆ ಕೂತ ಅಜ್ಜಿಗೆ ತನ್ನ ಫೋಟೋ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ.

"ಹಿಂದೆಲ್ಲ ಹೀಗಿರಲಿಲ್ಲ" ಎನ್ನುವವರಿಗೆ ನೆರೆಯೂರಿನ ಪುಸ್ತಕವನ್ನೇ ತೋರಿಸಬಹುದು. ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಬಂದದ್ದು 1940ರ ದಶಕದ ಮೊದಲಲ್ಲಿ. ಕಡಲಿಗೂ ಹೊಳೆಗೂ ನಡುವಿನ ನಮ್ಮದೇ ಕರಾವಳಿಯ ಕತೆ. ಅದರಲ್ಲಿ ರಾಮ ಐತಾಳರ ಮನೆಯನ್ನು ಹೊತ್ತು ನಿಂತವಳು ಅವರ ವಿಧವೆ ಸೋದರಿ ಸರಸೋತಿ. ದುಡಿದದ್ದಕ್ಕೆ ಕೂಲಿ ಇಲ್ಲ, ಆಸ್ತಿಯಲ್ಲಿ ಪಾಲಿಲ್ಲ, ಬೇಸರವಾದರೆ ಎದ್ದು ಹೋಗಲು ಬೇರೊಂದು ಮನೆ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸಿದ್ದು, ಮೈ ಒರೆಸಿದ್ದು, ಹೇಲು ಉಚ್ಚೆ ಬಳಿದದ್ದು ಇಂಥ ಹೆಂಗಸರು. ಕೂಡುಕುಟುಂಬದಲ್ಲಿ ಹಿರಿಯರಿಗೆ ಸಿಕ್ಕ ಆರೈಕೆಯನ್ನು ಹೊಗಳುವಾಗ ಈ ಹೆಂಗಸರ ರಟ್ಟೆಯ ಲೆಕ್ಕ ಬರೆಯುವುದನ್ನು ನಾವು ಮರೆಯುತ್ತೇವೆ. ಅವರು ಮುದುಕಿಯರಾದಾಗ ಅವರನ್ನು ಯಾರು ನೋಡಿಕೊಂಡರು ಎಂಬುದನ್ನೂ.

ಬಂಟರು, ಬಿಲ್ಲವರು, ಮೊಗವೀರರ ಮನೆಗಳ ಲೆಕ್ಕ ಬೇರೆ ಇತ್ತು. ಅಳಿಯಸಂತಾನದಲ್ಲಿ ಮನೆ ಹೆಣ್ಣಿನ ಕಡೆಯದು. ವಯಸ್ಸಾದ ಹೆಂಗಸು ಸೊಸೆಯ ಮರ್ಜಿಯಲ್ಲಿ ಬದುಕುವ ಪ್ರಶ್ನೆಯೇ ಇರಲಿಲ್ಲ. ಹುಟ್ಟಿದ ಮನೆಯಲ್ಲಿ, ಮಗಳು ತಂಗಿಯರ ನಡುವೆ ಕಾಲ ಕಳೆಯುತ್ತಿದ್ದಳು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗುವ ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮುಂದಿನದ್ದನ್ನು ಮಾಡಿತು. 1974ರ ಭೂಸುಧಾರಣೆಯ ನಂತರ ದೊಡ್ಡ ಮನೆಗಳಿಗೆ ಬರುತ್ತಿದ್ದ ಗೇಣಿ ನಿಂತಿತು. ಅದನ್ನು ನಾನು ದೂರುತ್ತಿಲ್ಲ, ಒಕ್ಕಲಿನ ಮನೆಗೆ ಆ ಕಾಯ್ದೆಯಿಂದಲೇ ಎರಡು ಹೊತ್ತಿನ ಗಂಜಿ ಗಟ್ಟಿಯಾಯಿತು. ಗಂಡುಮಕ್ಕಳು ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೆ ಹೋದರು. 1906ರಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್ ಬ್ಯಾಂಕುಗಳು, 1925ರ ಸಿಂಡಿಕೇಟ್ ಬ್ಯಾಂಕು ಓದಿದವರಿಗೆ ಕೆಲಸ ಕೊಟ್ಟು ದೇಶವಿಡೀ ವರ್ಗ ಮಾಡಿದವು. ಆಮೇಲೆ ಗಲ್ಫ್. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಹೊರಗೆ ದುಡಿಯಲು ಹೋದ ಗಂಡಸರ ಪಾಲು ಅದರಲ್ಲಿ ದೊಡ್ಡದು. ಆಗ ರಾಜ್ಯದ ಜನರಲ್ಲಿ ಅರವತ್ತು ದಾಟಿದವರು ಶೇ. 9.5 ಇದ್ದರು. ನಮ್ಮ ಕಡೆಯ ಹಂಚಿನ ಮನೆಗಳನ್ನು ನೋಡಿದವರಿಗೆ ಆ ಅಂಕಿ ಕಡಿಮೆ ಎನ್ನಿಸೀತು. ಇಂಥ ಮನೆಯಲ್ಲಿ ಉಳಿದಿರುವುದು ಒಬ್ಬರು, ಹೆಚ್ಚೆಂದರೆ ಇಬ್ಬರು.

ಆ ಮನೆಯಾದರೂ ಮುಪ್ಪಿಗೆ ಹೇಳಿ ಕಟ್ಟಿಸಿದ್ದಲ್ಲ. ಕೆಂಪುಕಲ್ಲಿನ ಮೆಟ್ಟಿಲು, ಎಡವಿದರೆ ಹಲ್ಲು ಮುರಿಯುವ ಹೊಸ್ತಿಲು, ಹಿತ್ತಿಲ ಕಡೆ ಬೇರೆಯೇ ಆಗಿ ನಿಂತ ಬಚ್ಚಲು. ಜೂನ್ ಬಂತೆಂದರೆ ಅಂಗಳ ಪೂರ್ತಿ ಪಾಚಿ. ಅದರ ಮೇಲೆ ತೆಂಗಿನ ಮಡ್ಲು ಹಾಸಿ ದಾರಿ ಮಾಡುತ್ತಿದ್ದರು; ಈಗ ಮಡ್ಲು ತಂದು ಹಾಸುವವರಿಲ್ಲ. ರಾತ್ರಿ ಎರಡು ಗಂಟೆಗೆ, ಕರೆಂಟು ಹೋದ ಹೊತ್ತಿನಲ್ಲಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಎಂಬತ್ತೈದರ ಜೀವವನ್ನು ನೆನೆಸಿಕೊಳ್ಳಿ. ಸೊಂಟದ ಮೂಳೆ ಮುರಿಯುವುದು ಅಲ್ಲಿ. ಹೊರಗೆ ಹೆದ್ದಾರಿ ನಾಲ್ಕು ಪಥವಾಗಿದೆ. ಎದುರು ಬದಿಯ ಅಂಗಡಿ, ದೇವಸ್ಥಾನ, ಐವತ್ತು ವರ್ಷದ ಗೆಳತಿ ಎಲ್ಲ ಕಣ್ಣಿಗೆ ಕಾಣುತ್ತಾರೆ, ದಾಟಲಿಕ್ಕಾಗುವುದಿಲ್ಲ.

ದುಬೈಯಲ್ಲಿರುವ ಒಬ್ಬ ಮಗ ತಾಯಿಯ ಚಾವಡಿಗೆ ಕ್ಯಾಮರಾ ಹಾಕಿಸಿದ. ಅಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಾನೆ. ಒಂದು ದಿನ ಚಿತ್ರ ಕಪ್ಪಾಯಿತು. ಗಾಬರಿಯಾಗಿ ಫೋನು ಮಾಡಿದರೆ, ಅಮ್ಮ ಕ್ಯಾಮರಾದ ಮೇಲೆ ಬೈರಾಸು ನೇತುಹಾಕಿದ್ದರು. "ಸೀರಿ ಉಡುಕಿತ್ತ್ ಮಗಾ" ಎಂದರು. ಅವನು ನಕ್ಕು ಎಲ್ಲರಿಗೂ ಹೇಳಿದ. ನನಗೆ ಆ ಕತೆಯಲ್ಲಿ ನಗುವಿಗಿಂತ ಹೆಚ್ಚಿನದು ಕಂಡಿತು. ಮನೆಯಲ್ಲೇ ಇದ್ದಾರೆ ಎಂಬ ಸಮಾಧಾನಕ್ಕೆ ಆ ಅಮ್ಮ ತನ್ನ ಮನೆಯಲ್ಲೇ ಸೀರೆ ಉಡುವ ಸ್ವಾತಂತ್ರ್ಯ ಬಿಡಬೇಕಾಗಿತ್ತು, ಬಿಡಲಿಲ್ಲ, ಅಷ್ಟೇ.

ಮನೆಯಲ್ಲಿ ಇಟ್ಟುಕೊಂಡದ್ದೇ ಧರ್ಮ ಎಂದು ಒಪ್ಪಲು ನನಗೆ ಕಷ್ಟ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲೂ ರಾತ್ರಿಯೂ. ಬದಲಿಸದಿದ್ದರೆ ಬೆನ್ನಿನ ಕೆಳಗೆ ಮೊದಲು ಚರ್ಮ ಕೆಂಪಾಗುತ್ತದೆ, ಆಮೇಲೆ ಸುಲಿಯುತ್ತದೆ, ಆಮೇಲೆ ಮೂಳೆ ಕಾಣುವಷ್ಟು ಹುಣ್ಣು. ಇದನ್ನು ಮಾಡಬೇಕಾದ ಮಗಳಿಗೋ ಸೊಸೆಗೋ ಅರವತ್ತೈದಾಗಿದೆ, ಅವಳಿಗೇ ಮಂಡಿ ನೋವು, ಬಿಪಿ. ಮರೆವಿನ ಕಾಯಿಲೆಯಾದರೆ ಇನ್ನೂ ಬೇರೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಶಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ನಡುರಾತ್ರಿ ಎದ್ದು, ತೀರಿಹೋದ ತನ್ನ ಅಮ್ಮನ ಮನೆಗೆ ಹೊರಟು ಹೆದ್ದಾರಿಗೆ ಇಳಿಯುವವರನ್ನು ಪ್ರೀತಿಯೊಂದರಿಂದಲೇ ಹಿಡಿದಿಡಲಾಗುವುದಿಲ್ಲ. ಬಾಗಿಲಿಗೆ ಚಿಲಕ ಹಾಕುತ್ತಾರೆ. ಕೆಲವು ಮನೆಗಳಲ್ಲಿ ಕಾಲಿಗೆ ಸೀರೆಯ ಚೂರು ಕಟ್ಟುತ್ತಾರೆ. ಅದೂ 'ಮನೆಯಲ್ಲಿ ನೋಡಿಕೊಳ್ಳುವುದೇ'. ಇಂಥ ಕಾಯಿಲೆಗೆ ಕಲಿತ ಕೈ ಬೇಕು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಅಲ್ಝೈಮರ್ ಪೀಡಿತರಿಗೆಂದೇ ಕೇಂದ್ರ ತೆರೆಯಿತು. ಅಂಥದ್ದು ಸಣ್ಣ ಪೇಟೆಗಳಲ್ಲಿ ಸಿಗುವುದು ಕಷ್ಟ, ಆಗ ಮಾತ್ರ ದೂರ ಹೋಗುವುದಕ್ಕೆ ನಾಚಿಕೆಯ ಹೊರತಾದ ಕಾರಣ ಇರುತ್ತದೆ.

ಹೋಂ ನರ್ಸ್ ಇಡಬಹುದಲ್ಲ ಎನ್ನುತ್ತಾರೆ. ಇಡಬಹುದು, ಹಣವಿದ್ದರೆ. ಹೆಸರಿಗೆ ನರ್ಸ್, ಹೆಚ್ಚಿನವರು ನರ್ಸಿಂಗ್ ಕಲಿತವರಲ್ಲ. ಏಜೆನ್ಸಿಯವರು ಕಳಿಸುತ್ತಾರೆ, ಎರಡು ತಿಂಗಳಿಗೆ ಬದಲಾಗುತ್ತಾರೆ, ಹಬ್ಬಕ್ಕೆ ಹೋದವಳು ಬರುವುದಿಲ್ಲ. ಅವಳ ಮೇಲೆ ಸಿಟ್ಟು ಮಾಡುವಾಗ ಒಂದು ಮಾತು ನೆನಪಿರಲಿ. ಘಟ್ಟದ ಮೇಲಿನ ಯಾವುದೋ ಹಳ್ಳಿಯಲ್ಲಿ ಅವಳ ತಾಯಿಯೂ ಇದ್ದಾಳೆ, ಅವಳನ್ನು ಅಲ್ಲಿ ಬಿಟ್ಟೇ ಇವಳು ನಮ್ಮ ತಾಯಿಗೆ ಗಂಜಿ ಕುಡಿಸಲು ಬಂದಿದ್ದಾಳೆ.

ಎಷ್ಟೋ ಮನೆಗಳಲ್ಲಿ ಈ ತೀರ್ಮಾನ ಆಗುವುದೇ ಆಸ್ಪತ್ರೆಯ ಕಾರಿಡಾರಿನಲ್ಲಿ. ನಾಳೆ ಡಿಸ್ಚಾರ್ಜ್ ಎಂದು ಡಾಕ್ಟರು ಹೇಳಿ ಹೋಗುತ್ತಾರೆ. ಅಣ್ಣ ಪುಣೆಯಲ್ಲಿ, ತಮ್ಮ ಮಸ್ಕತ್ತಿನಲ್ಲಿ, ತಂಗಿ ಶಿವಮೊಗ್ಗದ ಗಂಡನ ಮನೆಯಲ್ಲಿ. ಕಾರಿಡಾರಿನಲ್ಲಿ ನಿಂತವರೂ ಸೇರಿ ವಾಟ್ಸಾಪ್ ಕರೆಯಲ್ಲಿ ನಾಲ್ಕು ಮುಖ. ಒಬ್ಬರು ದುಡ್ಡು ಕೊಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ರಜೆ ಇಲ್ಲ ಎನ್ನುತ್ತಾರೆ, ತಂಗಿ ಅಳುತ್ತಾಳೆ. ಅಳುವವಳೇ ಕೊನೆಗೆ ಮಾಡುವವಳೂ. ಊರ ಬಾಯಿಗೆ ಸಿಗುವುದೂ ಹೆಂಗಸರೇ. "ಮಗ ಆಶ್ರಮಕ್ಕೆ ಹಾಕಿದ" ಎನ್ನುವುದಕ್ಕಿಂತ "ಸೊಸೆ ಹಾಕಿಸಿದಳು" ಎನ್ನುವುದು ಎಲ್ಲರ ನಾಲಿಗೆಗೂ ಸಲೀಸು. ಎಪ್ಪತ್ತು ದಾಟಿದವರಿಗೆ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ತನಕ ಆಸ್ಪತ್ರೆ ಖರ್ಚಿದೆ. ಅದು ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ. ಮಗ್ಗುಲು ಬದಲಿಸುವವರಿಗೆ, ಡೈಪರಿಗೆ, ಆಶ್ರಮದ ತಿಂಗಳ ಫೀಸಿಗೆ ಅದರಲ್ಲಿ ದಾರಿಯಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ಜಪಾನಿನಲ್ಲಿ 2000ನೇ ಇಸವಿಯಿಂದ ನಲವತ್ತು ದಾಟಿದವರೆಲ್ಲ ಕಂತು ಕಟ್ಟುವ ಆರೈಕೆ ವಿಮೆ ಇದೆ; ಮುಪ್ಪಿನ ಆರೈಕೆ ಮನೆಯೊಳಗಿನ ಗುಟ್ಟಾಗಿರದೆ ಎಲ್ಲರ ಖರ್ಚಾಯಿತು. ಹಾಗಾದ ಮೇಲೆ ಅಲ್ಲಿ ಎಲ್ಲ ಸರಿಹೋಯಿತೆಂದಲ್ಲ. ಆದರೆ ನಾಚಿಕೆಯ ಒಂದು ಪಾಲು ಸರ್ಕಾರದ ತಲೆಗೂ ಹೋಯಿತು.

ಆ ವಾಟ್ಸಾಪ್ ಕರೆಯಲ್ಲಿ ಇಲ್ಲದ ಒಂದು ಮುಖ ಯಾರದೆಂದು ಹೇಳಬೇಕಾಗಿಲ್ಲ. ಅವರು ಒಳಗೆ ಮಂಚದ ಮೇಲೆ ಇದ್ದಾರೆ, ಕಿವಿ ಸರಿಯಾಗಿಯೇ ಕೇಳುತ್ತದೆ. ಅರವತ್ತು ವರ್ಷ ಮನೆ ನಡೆಸಿದವರು, ಗೇಣಿಯ ಲೆಕ್ಕ ಬಾಯಿಪಾಠ ಇದ್ದವರು, ಹೆಣ್ಣು ಕೊಟ್ಟು ತಂದವರು. ಅವರು ಎಲ್ಲಿ ಮಲಗಬೇಕು ಎಂಬುದನ್ನು ಅವರನ್ನು ಬಿಟ್ಟು ಎಲ್ಲರೂ ಮಾತಾಡುತ್ತಾರೆ. ಕೇಳಿದರೆ ಬೇಜಾರಾಗುತ್ತದೆ ಎನ್ನುತ್ತಾರೆ. ಬೇಜಾರಾಗಲಿ. ಅದು ಅವರ ಹಕ್ಕು. "ಎರಡು ದಿನ ಮಂಗ್ಳೂರಿಗೆ ಚೆಕಪ್" ಎಂದು ಹೇಳಿ ಕಾರು ಹತ್ತಿಸಿ ಕರೆದೊಯ್ದು ಬಿಟ್ಟುಬಂದವರಿದ್ದಾರೆ. ಇದಕ್ಕೆ ಯಾವ ಸಮಜಾಯಿಷಿಯೂ ನನಗೆ ರುಚಿಸುವುದಿಲ್ಲ. ಆಶ್ರಮ ಎಷ್ಟೇ ಚೆನ್ನಾಗಿರಲಿ, ಸುಳ್ಳು ಹೇಳಿ ಕರೆತಂದ ಜಾಗದಲ್ಲಿ ಮನುಷ್ಯ ಅತಿಥಿಯೂ ಆಗುವುದಿಲ್ಲ, ಮನೆಯವನೂ ಆಗುವುದಿಲ್ಲ.

ಕೇಳುವುದಕ್ಕೆ ಕಾಲವೂ ಇದೆ. ನಡೆಯುತ್ತಿರುವಾಗ, ನೆನಪು ಗಟ್ಟಿ ಇರುವಾಗ, ಮಳೆಗಾಲ ಕಳೆದ ಒಂದು ಸಂಜೆ ಜಗಲಿಯಲ್ಲಿ ಕೂತು ಕೇಳಬಹುದಾದದ್ದನ್ನು ನಾವು ಐಸಿಯುವಿನ ಹೊರಗೆ ನಿಂತು ಊಹಿಸುತ್ತೇವೆ. "ಮುಂದೆ ನಿಮ್ಗೆ ಕೂಡ್ದೆ ಆರೆ ಎಂತ ಮಾಡುದ್?" ಎಂದು ಕೇಳುವುದು ಸಾವಿನ ಮಾತಾಡಿದ ಹಾಗೆ, ಅಪಶಕುನ ಎಂಬ ಭಾವನೆ. ಆಸ್ತಿಯ ಮಾತು ಮಾತ್ರ ಅದೇ ಜಗಲಿಯಲ್ಲಿ ಅಪಶಕುನವಾಗುವುದಿಲ್ಲ.

ಆಸ್ತಿಯ ವಿಷಯ ಬಂತು, ಕಾನೂನನ್ನೂ ಹೇಳಿಬಿಡುತ್ತೇನೆ. ಪಾಲಕರು ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದದ್ದು 2007ರಲ್ಲಿ. ಮಕ್ಕಳು ನೋಡಿಕೊಳ್ಳದಿದ್ದರೆ ವಕೀಲರನ್ನು ಇಡದೆಯೂ ಅರ್ಜಿ ಕೊಡಬಹುದು. ನಮ್ಮ ಕಡೆಯವರಿಗೆ ಅದು ಕುಂದಾಪುರದ ಉಪವಿಭಾಗಾಧಿಕಾರಿಗಳ ಮುಂದೆ. ಪೋಷಣೆಗೆ ತಿಂಗಳಿಗೆ 10,000 ರೂಪಾಯಿ ತನಕ ಕೊಡಿಸಬಹುದು ಎಂದು ಆಗ ಬರೆದರು. ಹಿರಿಯರನ್ನು ತೊರೆದು ಹೋದರೆ ಮೂರು ತಿಂಗಳ ತನಕ ಸಜೆ, ಇಲ್ಲವೇ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ಸರ್ಕಾರ ಕಟ್ಟಬಹುದು ಎಂದೂ ಇದೆ. ಕಟ್ಟಲೇಬೇಕು ಎಂದಿಲ್ಲ, ಕಟ್ಟಬಹುದು. ಇದಕ್ಕಿಂತ ಹೆಚ್ಚು ತಿಳಿದಿರಬೇಕಾದದ್ದು 23ನೇ ಕಲಂ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ವಾಪಸು ಪಡೆಯಬಹುದು. ನಮ್ಮ ಅಪ್ಪ ಅಮ್ಮಂದಿರು ದಾನಪತ್ರ ಬರೆಯುವಾಗ ಷರತ್ತು ಬರೆಸುವುದಿಲ್ಲ, ಮಗನನ್ನು ನಂಬದ ಹಾಗಾಗುತ್ತದೆ ಎಂಬ ಸಂಕೋಚ. ಷರತ್ತು ಇರಲೇಬೇಕು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಎಂದಿತು. ಕೋರ್ಟಿನ ಉದಾರತೆಯನ್ನು ನಂಬಿ ಕೂರುವುದಕ್ಕಿಂತ ಒಂದು ಸಾಲು ಹೆಚ್ಚು ಬರೆಸುವುದು ಒಳ್ಳೆಯದು. ಫೋನಿನಲ್ಲಿ ಸಲಹೆ ಬೇಕೆಂದರೆ ಹಿರಿಯರಿಗಾಗಿಯೇ 14567 ಎಂಬ ಸಹಾಯವಾಣಿ ಇದೆ.

ಕಾಯ್ದೆಯ ಕೈ ಅಲ್ಲಿಗೆ ಮುಗಿಯುತ್ತದೆ. ಜಾಗವನ್ನು ನಾವೇ ಹೋಗಿ ನೋಡಬೇಕು, ಅದೂ ಆಫೀಸಿನ ಕೋಣೆಯಲ್ಲಿ ಅಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಊಟ ಮುಗಿದು ಎಲ್ಲರೂ ಮಲಗಿರುವ ಹೊತ್ತಿಗೆ ಹೋದರೆ ಹಾಸಿಗೆಯ ವಾಸನೆ ಗೊತ್ತಾಗುತ್ತದೆ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಎಂದು ಕೇಳಬೇಕು. ಹಗಲಿನ ಲೆಕ್ಕ ಎಲ್ಲರೂ ಹೇಳುತ್ತಾರೆ. ಎಷ್ಟೋ ಕಡೆ "ನಡೆದಾಡುವವರಿಗೆ ಮಾತ್ರ" ಎಂಬ ನಿಯಮ ಇದೆ. ಇವತ್ತು ನಡೆದಾಡುವವರು ನಾಳೆ ಹಾಸಿಗೆ ಹಿಡಿದರೆ ಎಲ್ಲಿಗೆ ಕಳಿಸುತ್ತೀರಿ ಎಂಬ ಪ್ರಶ್ನೆಗೆ ಮ್ಯಾನೇಜರ್ ಮುಖ ಹೇಗಾಗುತ್ತದೆ ಎಂದು ನೋಡಬೇಕು. ಮೀನು ಇದೆಯೇ? ನಗಬೇಡಿ. ಹಲವು ಆಶ್ರಮಗಳಲ್ಲಿ ಸಾತ್ವಿಕ ಆಹಾರ ಎಂದು ಹೆಮ್ಮೆಯಿಂದ ಬೋರ್ಡು ಹಾಕಿರುತ್ತಾರೆ. ಕಡಲ ಕರೆಯಲ್ಲಿ ಹುಟ್ಟಿ ಬೆಳೆದು, ಬಂಗುಡೆ ಇಲ್ಲದೆ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದ ಮೊಗವೀರ ಹೆಂಗಸನ್ನು ಎಂಬತ್ತನೆಯ ವಯಸ್ಸಿನಲ್ಲಿ ಸಾತ್ವಿಕಳನ್ನಾಗಿ ಮಾಡುವ ಅಧಿಕಾರ ಯಾರು ಕೊಟ್ಟರು?

ರಕ್ತಸಂಬಂಧದವರೇ ನೋಡಬೇಕು ಎಂಬ ಹಠವೂ ಸ್ವಲ್ಪ ಸಡಿಲವಾಗಬೇಕು. ಕಾರಂತರ ಉದಾಹರಣೆಯೇ ಇದೆ. 1902ರಲ್ಲಿ ಕೋಟದಲ್ಲಿ ಹುಟ್ಟಿ, ಬದುಕಿನ ಬಹುಭಾಗ ಪುತ್ತೂರಿನಲ್ಲಿ ಕಳೆದ ಅವರು ಕೊನೆಗಾಲದಲ್ಲಿ ಇದ್ದದ್ದು ಇಲ್ಲೇ ಸಾಲಿಗ್ರಾಮದಲ್ಲಿ. ಅವರ ಬರವಣಿಗೆಯ ಕೆಲಸಕ್ಕೂ ದಿನದ ಬದುಕಿಗೂ ಜೊತೆಯಾಗಿ ನಿಂತವರು ಮಾಲಿನಿ ಮಲ್ಯ, ಹೊಟ್ಟೆಯಲ್ಲಿ ಹುಟ್ಟಿದವರಲ್ಲ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಳ್ಳುವಾಗ ಕಾರಂತರಿಗೆ ತೊಂಬತ್ತೈದು. ಅವರಷ್ಟು ದೊಡ್ಡವರಿಗೆ ಜನ ಸಿಗುತ್ತಾರೆ, ನಮಗೆಲ್ಲಿ ಎನ್ನಬಹುದು. ಸಿಗುವ ಹಾಗೆ ಮಾಡಿಕೊಂಡ ಊರುಗಳೂ ಇವೆ. ಇದೇ ಕಡಲ ದಂಡೆಯಲ್ಲಿ ತೆಂಕಕ್ಕೆ ಹೋದರೆ ಕೋಝಿಕ್ಕೋಡಿನಲ್ಲಿ 1993ರಲ್ಲಿ ವೈದ್ಯಕೀಯ ಕಾಲೇಜಿನ ಡಾಕ್ಟರುಗಳು ನೋವು ಶಮನದ ಒಂದು ಸಣ್ಣ ಕ್ಲಿನಿಕ್ಕು ತೆರೆದರು. ಅದು ಬೆಳೆದು, ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಸರದಿಯಲ್ಲಿ ಹೋಗುವ ಕ್ರಮವಾಯಿತು. 2008ರಲ್ಲಿ ಕೇರಳ ಸರ್ಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಅಂಗಡಿಯವನು, ಮಾಸ್ತರ, ಕಾಲೇಜು ಹುಡುಗಿ ಹೋಗಿ ಹುಣ್ಣು ತೊಳೆಯುತ್ತಾರೆ. ಅಲ್ಲಿ ನೆರೆಯವರಿಗೆ ಗೊತ್ತಾಗುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ನಮ್ಮಲ್ಲಿ ಯಕ್ಷಗಾನದ ಹರಕೆ ಬಯಲಾಟಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ, ದೈವಸ್ಥಾನದ ಜೀರ್ಣೋದ್ಧಾರಕ್ಕೆ ಸಮಿತಿಗಳಿವೆ, ರಶೀದಿ ಪುಸ್ತಕಗಳಿವೆ, ದುಡಿಯುವ ಹುಡುಗರಿದ್ದಾರೆ. ವಾರಕ್ಕೊಂದು ಸಲ ಆಶ್ರಮದ ಗೇಟು ತೆಗೆದು ಒಳಗೆ ಹೋಗಿ, ಫೋಟೋ ತೆಗೆಯದೆ, ಎರಡು ಮಾತಾಡಿ ಬರಲು ಇವರಿಗೇನೂ ಕಷ್ಟವಿಲ್ಲ. ಯಾರೂ ಕೇಳಿಲ್ಲ, ಅಷ್ಟೇ. ಕೇಳಬೇಕಾದರೆ ನಮ್ಮ ಅಮ್ಮ ಅಲ್ಲಿದ್ದಾರೆ ಎಂದು ಮೊದಲು ಹೇಳಬೇಕಾಗುತ್ತದೆ.

ಹಂಗಾರಕಟ್ಟೆ ಕಡೆಯ ಒಬ್ಬ ಹೆಂಗಸು ಈಚೆಗೆ ಮಕ್ಕಳಿಗೆ ತಾನೇ ಹೇಳಿದರು. ಬುಟ್ಟಿ ಹೊತ್ತು ಮೀನು ಮಾರಿ ಇಬ್ಬರು ಗಂಡುಮಕ್ಕಳನ್ನು ಓದಿಸಿದವರು. ಬಚ್ಚಲಲ್ಲಿ ಎರಡನೇ ಸಲ ಬಿದ್ದ ಮೇಲೆ, ಮಕ್ಕಳು ಬಾಯಿ ತೆರೆಯಲು ಒದ್ದಾಡುತ್ತಿದ್ದಾಗ, "ನಾನ್ ಹೋತೆ. ಆರೆ ನಾನ್ ಹೇಳ್ದಲ್ಲಿಗೆ" ಎಂದರು. ಬೆಂಗಳೂರು ಬೇಡ, ಬಸ್ಸಿಗೆ ಅರ್ಧ ಗಂಟೆಯಲ್ಲಿ ಊರವರು ಬಂದು ಹೋಗುವಲ್ಲಿ ಆಗಬೇಕು. ವಾರಕ್ಕೆರಡು ಸಲ ಮೀನು. ಜೂನ್ ಜುಲೈಯಲ್ಲಿ ಕಡಲು ಬಂದಾದರೆ ಒಣಮೀನಾದರೂ ಆದೀತು. ದೀಪಾವಳಿಗೆ ಮನೆಗೆ ಕರೆತರಬೇಕು, ದೀಪ ತಾನೇ ಹಚ್ಚಬೇಕು. ಮನೆಯ ಬೀಗದ ಕೈ ತನ್ನ ಸೊಂಟದಲ್ಲೇ ಇರುತ್ತದೆ, ಯಾರಿಗೂ ಕೊಡುವುದಿಲ್ಲ. ಮಾರುವುದಾದರೆ ತಾನು ಸತ್ತ ಮೇಲೆ ಮಾರಿಕೊಳ್ಳಲಿ. ಕೇಳಿದವರಿಗೆ ತಾನೆಲ್ಲಿದ್ದೇನೆಂದು ಸರಿಯಾಗಿ ಹೇಳಬೇಕು, ಸುಳ್ಳು ಹೇಳಬಾರದು.

ದೊಡ್ಡ ಮಗ ಎಲ್ಲದಕ್ಕೂ ಹೂಂ ಎಂದಿದ್ದಾನೆ. ಮುಂಬಯಿಯ ಚಿಕ್ಕ ಮಗನಿಗೆ ಮನೆ ಖಾಲಿ ಬಿಡುವುದು ಸರಿಬಂದಿಲ್ಲ, ಬಾಡಿಗೆಗಾದರೂ ಕೊಡೋಣ, ಆಶ್ರಮದ ಫೀಸಿಗೆ ಆಗುತ್ತದೆ ಎನ್ನುತ್ತಾನೆ. ಅದರಲ್ಲೂ ನ್ಯಾಯ ಇಲ್ಲದಿಲ್ಲ. ಮೀನು ಕೊಡುವ ಒಂದು ಜಾಗ ಸಿಕ್ಕಿದೆ, ಅಲ್ಲಿ ಮಂಚ ಒಂದೇ ಖಾಲಿ ಇದೆ. ತಿಂಗಳ ಕೊನೆಯೊಳಗೆ ಹೇಳಿ ಎಂದಿದ್ದಾರೆ. ಅಣ್ಣತಮ್ಮಂದಿರ ಮಾತು ಇನ್ನೂ ಮುಗಿದಿಲ್ಲ. ಈ ಸಲ ಮಾತ್ರ ಕರೆಯಲ್ಲಿ ಅಮ್ಮನೂ ಇದ್ದಾರೆ.